ಆವೃತ್ತಿ ನಿಯಂತ್ರಣ ತಂತ್ರಾಂಶ: ಆಕರಪಠ್ಯದ ನಿರ್ವಹಣೆ ಮತ್ತು ಗ್ರಂಥಸಂಪಾದನೆಗೆ ಅದರ ಪ್ರಸ್ತುತತೆ

ಕೃತಿಯೊಂದು ಕಾಲದಿಂದ ಕಾಲಕ್ಕೆ, ಕೈಯಿಂದ ಕೈಗೆ ಸಾಗುವಾಗ ಅದರ ಪಾಠ ಬದಲಾಗುತ್ತದೆ ಎಂಬುದು ಗ್ರಂಥಸಂಪಾದನಶಾಸ್ತ್ರದ ಮೂಲಭೂತ ಗ್ರಹಿಕೆ. ಲಿಪಿಕಾರರು ತಿಳಿದೋ ತಿಳಿಯದೆಯೋ ಮಾಡಿದ ವ್ಯತ್ಯಾಸಗಳು ಓಲೆಯ ಮೇಲೆ ಉಳಿದುಬಂದಿರುವುದರಿಂದಲೇ ಪಾಠಾಂತರಗಳ ತೌಲನಿಕ ಪರಿಶೀಲನೆ ಸಾಧ್ಯವಾಗಿದೆ. ಗಣಕಯಂತ್ರದಲ್ಲಿ ಪರಿಸ್ಥಿತಿ ಬೇರೆಯಾಗಿದೆ. ಕಡತವನ್ನು ತೆರೆದು, ಒಂದು ಅಕ್ಷರವನ್ನು ತಿದ್ದಿ, ‘ಸೇವ್’ ಮಾಡಿದೊಡನೆ ಹಿಂದಿನ ಪಾಠ ಇಲ್ಲವಾಗುತ್ತದೆ. ಓಲೆಯಲ್ಲಿ ಹೊಡೆದುಹಾಕಿದ ಅಕ್ಷರದ ಗೀರಾದರೂ ಉಳಿಯುತ್ತದೆ. ಕಡತದಲ್ಲಿ ಅದೂ ಉಳಿಯುವುದಿಲ್ಲ. ಯಾರು ತಿದ್ದಿದರು, ಯಾವಾಗ ತಿದ್ದಿದರು, ಯಾವ ಆಧಾರದಿಂದ ತಿದ್ದಿದರು ಎಂಬ ಪ್ರಶ್ನೆಗಳಿಗೆ ಆ ಕಡತದಲ್ಲಿ ಉತ್ತರವಿರುವುದಿಲ್ಲ.

ಈ ಸಮಸ್ಯೆಯನ್ನು ಸಾಹಿತ್ಯ ವಿದ್ವಾಂಸರಿಗಿಂತ ಮೊದಲು ಎದುರಿಸಿದವರು ತಂತ್ರಾಂಶ ರಚನಕಾರರು. ಅವರು ಕಂಡುಕೊಂಡ ಪರಿಹಾರಕ್ಕೆ ‘ವರ್ಷನ್ ಕಂಟ್ರೋಲ್’ ಅಥವಾ ಆವೃತ್ತಿ ನಿಯಂತ್ರಣ ಎಂದು ಹೆಸರು. ಈ ವ್ಯವಸ್ಥೆಯ ಬೆಳವಣಿಗೆ, ಅದರ ಮೂಲಕ ಆಕರಪಠ್ಯವನ್ನು ಪಡೆಯುವ ಮತ್ತು ನಿರ್ವಹಿಸುವ ಕ್ರಮ, ಕನ್ನಡ ಪಠ್ಯಗಳ ಸಂಪಾದನೆಗೆ ಅದರಿಂದ ಆಗಬಹುದಾದ ಪ್ರಯೋಜನ ಹಾಗೂ ಅದರ ಮಿತಿಗಳನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಆಕರಪಠ್ಯದ ಸ್ವರೂಪ

ಗಣಕಯಂತ್ರ ನಡೆಸುವ ಪ್ರತಿಯೊಂದು ಕಾರ್ಯಕ್ರಮದ ಹಿಂದೆಯೂ ಮನುಷ್ಯರು ಬರೆದ ಒಂದು ಪಠ್ಯವಿರುತ್ತದೆ. ಇದನ್ನು ‘ಸೋರ್ಸ್ ಕೋಡ್’ ಎನ್ನುತ್ತಾರೆ. ಇಲ್ಲಿ ಆಕರಪಠ್ಯ ಎಂಬ ಪದವನ್ನು ಬಳಸಿಕೊಳ್ಳಲಾಗಿದೆ. ಇದು ಸಾಲುಗಳಾಗಿ ಬರೆದ, ಓದಬಹುದಾದ, ತಿದ್ದಬಹುದಾದ ಪಠ್ಯ. ಯಂತ್ರ ನೇರವಾಗಿ ನಡೆಸುವ ರೂಪವನ್ನು ಇದರಿಂದಲೇ ಸಿದ್ಧಪಡಿಸಲಾಗುತ್ತದೆ. ದೊಡ್ಡ ತಂತ್ರಾಂಶವೊಂದರ ಆಕರಪಠ್ಯ ಸಾವಿರಾರು ಕಡತಗಳಲ್ಲಿ ಹಂಚಿಹೋಗಿರುತ್ತದೆ ಮತ್ತು ಅದನ್ನು ಅನೇಕರು ಏಕಕಾಲದಲ್ಲಿ ತಿದ್ದುತ್ತಿರುತ್ತಾರೆ.

ಸಾಹಿತ್ಯಕೃತಿಗೂ ಇದಕ್ಕೂ ಇರುವ ಒಂದು ಸಾಮ್ಯ ಗಮನಾರ್ಹವಾದುದು. ಎರಡರಲ್ಲಿಯೂ ಒಂದೇ ಅಕ್ಷರದ ವ್ಯತ್ಯಾಸ ಅರ್ಥವನ್ನು ತಲೆಕೆಳಗು ಮಾಡಬಲ್ಲುದು. ಭೇದವೂ ಅಷ್ಟೇ ಮುಖ್ಯವಾದುದು. ಕಾವ್ಯದ ಅಪಪಾಠ ಶತಮಾನಗಳ ಕಾಲ ಯಾರ ಗಮನಕ್ಕೂ ಬಾರದೆ ಓದಿಸಿಕೊಳ್ಳಬಹುದು. ಆಕರಪಠ್ಯದ ಅಪಪಾಠ ಕಾರ್ಯಕ್ರಮವನ್ನೇ ನಿಲ್ಲಿಸಬಹುದು ಅಥವಾ ಯಾರಿಗೂ ತಿಳಿಯದಂತೆ ಅನರ್ಥಕ್ಕೆ ದಾರಿ ಮಾಡಿಕೊಡಬಹುದು. ಆದುದರಿಂದಲೇ ಪ್ರತಿಯೊಂದು ತಿದ್ದುಪಡಿಯ ಚರಿತ್ರೆಯನ್ನು ಉಳಿಸಿಕೊಳ್ಳುವುದು ತಂತ್ರಾಂಶ ಕ್ಷೇತ್ರದಲ್ಲಿ ಅನಿವಾರ್ಯವಾಯಿತು.

೨. ವ್ಯವಸ್ಥೆ ಬೆಳೆದುಬಂದ ಬಗೆ

ಈ ಬಗೆಯ ಮೊದಲ ಪ್ರಮುಖ ವ್ಯವಸ್ಥೆ ‘ಎಸ್‌ಸಿಸಿಎಸ್’. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರಾಕ್‌ಕೈಂಡ್ ೧೯೭೨ರಲ್ಲಿ ಇದನ್ನು ರೂಪಿಸಿದರು. ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿದ್ದ ವಾಲ್ಟರ್ ಟಿಷಿ ೧೯೮೦ರ ದಶಕದ ಆರಂಭದಲ್ಲಿ ‘ಆರ್‌ಸಿಎಸ್’ ಎಂಬ ಇನ್ನೊಂದು ವ್ಯವಸ್ಥೆಯನ್ನು ರಚಿಸಿದರು. ಇದು ಇತ್ತೀಚಿನ ಪಾಠವನ್ನು ಪೂರ್ಣವಾಗಿ ಇಟ್ಟುಕೊಂಡು, ಹಿಂದಿನ ಪಾಠಗಳನ್ನು ಪಡೆಯಲು ಬೇಕಾದ ವ್ಯತ್ಯಾಸಗಳನ್ನು ಮಾತ್ರ ದಾಖಲಿಸುತ್ತಿತ್ತು. ಅಂಗೀಕೃತ ಪಾಠವನ್ನು ಮೇಲೆ ಮುದ್ರಿಸಿ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುವ ನಮ್ಮ ಸಂಪಾದಕರ ಪದ್ಧತಿಯನ್ನು ಇದು ನೆನಪಿಗೆ ತರುತ್ತದೆ.

ಈ ಎರಡೂ ವ್ಯವಸ್ಥೆಗಳಲ್ಲಿ ಕಡತವನ್ನು ತಿದ್ದಬಯಸುವವರು ಮೊದಲು ಅದಕ್ಕೆ ಬೀಗ ಹಾಕಬೇಕಾಗಿತ್ತು. ಅವರು ಬೀಗ ತೆಗೆಯುವವರೆಗೆ ಉಳಿದವರು ಕಾಯಬೇಕಾಗಿತ್ತು. ಮಠದ ಭಂಡಾರದಲ್ಲಿರುವ ಏಕೈಕ ಓಲೆಕಟ್ಟನ್ನು ಒಬ್ಬ ವಿದ್ವಾಂಸರು ಎರವಲು ಪಡೆದರೆ ಬೇರೆಯವರು ಅದು ಹಿಂದಿರುಗುವ ದಿನವನ್ನು ಎದುರುನೋಡಬೇಕಾದಂಥ ಸ್ಥಿತಿ ಅದು. ಆಮ್‌ಸ್ಟರ್‌ಡ್ಯಾಮಿನ ಫ್ರೈಯೆ ವಿಶ್ವವಿದ್ಯಾನಿಲಯದ ಡಿಕ್ ಗ್ರೂನ ಅವರಿಗೆ ಇದೇ ತೊಡಕು ಎದುರಾಯಿತು. ಅವರೂ ಅವರ ಇಬ್ಬರು ವಿದ್ಯಾರ್ಥಿಗಳೂ ಒಂದೇ ತಂತ್ರಾಂಶದ ಮೇಲೆ ಕೆಲಸ ಮಾಡುತ್ತಿದ್ದರು. ಮೂವರ ವೇಳಾಪಟ್ಟಿಗಳೂ ಹೊಂದಿಕೆಯಾಗುತ್ತಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಪ್ರತಿಯಲ್ಲಿ ತಿದ್ದಿ, ಆಮೇಲೆ ತಿದ್ದುಪಡಿಗಳನ್ನು ಕೂಡಿಸುವ ಕ್ರಮವನ್ನು ಗ್ರೂನ ೧೯೮೬ರಲ್ಲಿ ಬಳಕೆಗೆ ತಂದರು. ‘ಸಿವಿಎಸ್’ ವ್ಯವಸ್ಥೆಯ ಮೂಲ ಇದೇ. ಇದರ ಕೊರತೆಗಳನ್ನು ನಿವಾರಿಸುವ ಉದ್ದೇಶದಿಂದ ೨೦೦೦ದಲ್ಲಿ ಆರಂಭವಾದ ‘ಸಬ್‌ವರ್ಷನ್’ ತನ್ನ ಮೊದಲ ಪೂರ್ಣ ಆವೃತ್ತಿಯನ್ನು ೨೦೦೪ರಲ್ಲಿ ಹೊರತಂದಿತು. ಸಿವಿಎಸ್ ಪ್ರತಿಯೊಂದು ಕಡತಕ್ಕೂ ಪ್ರತ್ಯೇಕವಾಗಿ ಆವೃತ್ತಿಸಂಖ್ಯೆ ನೀಡುತ್ತಿದ್ದರೆ, ಸಬ್‌ವರ್ಷನ್ ಇಡೀ ಭಂಡಾರದ ಸ್ಥಿತಿಗೆ ಒಂದೇ ಸಂಖ್ಯೆ ನೀಡಿತು.

ಲಿನಕ್ಸ್ ಕಾರ್ಯವ್ಯವಸ್ಥೆಯ ತಿರುಳಿನ ಕರ್ತೃ ಲಿನಸ್ ಟೊರ್ವಾಲ್ಡ್ಸ್ ೨೦೦೫ರ ಏಪ್ರಿಲ್‌ನಲ್ಲಿ ‘ಗಿಟ್’ ಎಂಬ ಹೊಸ ವ್ಯವಸ್ಥೆಯನ್ನು ಬರೆದರು. ಅಲ್ಲಿಯವರೆಗೆ ಲಿನಕ್ಸ್ ಬಳಗ ಬಳಸುತ್ತಿದ್ದ ‘ಬಿಟ್‌ಕೀಪರ್’ ತಂತ್ರಾಂಶವನ್ನು ಉಚಿತವಾಗಿ ಬಳಸುವ ಅವಕಾಶ ಆ ವರ್ಷ ಕೊನೆಗೊಂಡದ್ದೇ ಇದಕ್ಕೆ ಕಾರಣ. ಅದೇ ವರ್ಷದ ಜುಲೈಯಿಂದ ಜುನಿಯೊ ಹಮಾನೊ ಇದರ ನಿರ್ವಹಣೆಯ ಹೊಣೆ ಹೊತ್ತರು. ಇಂದು ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿರುವ ವ್ಯವಸ್ಥೆ ಗಿಟ್.

೩. ಪಡೆಯುವ ಮತ್ತು ದಾಖಲಿಸುವ ಕ್ರಮ

ಆವೃತ್ತಿ ನಿಯಂತ್ರಣದಲ್ಲಿ ಎರಡು ಅಂಗಗಳಿವೆ. ಮೊದಲನೆಯದು ‘ರೆಪಾಸಿಟರಿ’ ಅಥವಾ ಭಂಡಾರ. ಪಠ್ಯದ ಎಲ್ಲ ಅವಸ್ಥೆಗಳೂ ಇಲ್ಲಿ ಸಂಗ್ರಹವಾಗಿರುತ್ತವೆ. ಎರಡನೆಯದು ‘ಕ್ಲೈಂಟ್’, ಬಳಕೆದಾರರ ಯಂತ್ರದಲ್ಲಿದ್ದುಕೊಂಡು ಭಂಡಾರದೊಡನೆ ವ್ಯವಹರಿಸುವ ತಂತ್ರಾಂಶ ಇದು. ಕ್ಲೈಂಟನ್ನು ಆಜ್ಞೆಗಳನ್ನು ಬೆರಳಚ್ಚಿಸಿ ನಡೆಸಬಹುದು. ‘ಟಾರ್ಟಾಯ್ಸ್‌ಎಸ್‌ವಿಎನ್’, ‘ಟಾರ್ಟಾಯ್ಸ್‌ಗಿಟ್’ ಮುಂತಾದವು ವಿಂಡೋಸ್‌ನಲ್ಲಿ ಮೌಸಿನ ಮೂಲಕವೇ ಈ ಕೆಲಸ ಮಾಡಲು ಅನುವು ಮಾಡಿಕೊಡುತ್ತವೆ.

ಸಬ್‌ವರ್ಷನ್ ಬಳಸುವವರು ಮೊದಲು ‘ಚೆಕ್‌ಔಟ್’ ಆಜ್ಞೆಯಿಂದ ಭಂಡಾರದ ಒಂದು ಅವಸ್ಥೆಯ ಪ್ರತಿಯನ್ನು ಪಡೆಯುತ್ತಾರೆ. ಸಾಮಾನ್ಯವಾಗಿ ಇದು ಇತ್ತೀಚಿನ ಅವಸ್ಥೆಯಾಗಿರುತ್ತದೆ. ಸಂಖ್ಯೆಯನ್ನು ಸೂಚಿಸಿ ಹಿಂದಿನ ಯಾವುದೇ ಅವಸ್ಥೆಯನ್ನೂ ಪಡೆಯಬಹುದು. ಬೇರೆಯವರು ಮಾಡಿದ ತಿದ್ದುಪಡಿಗಳನ್ನು ‘ಅಪ್‌ಡೇಟ್’ ತಂದುಕೊಡುತ್ತದೆ. ತಮ್ಮ ತಿದ್ದುಪಡಿಗಳನ್ನು ‘ಕಮಿಟ್’ ಮೂಲಕ ಕೇಂದ್ರ ಭಂಡಾರಕ್ಕೆ ಸೇರಿಸಲಾಗುತ್ತದೆ. ಚರಿತ್ರೆಯೆಲ್ಲವೂ ಒಂದೇ ಕಡೆ ಇರುವುದರಿಂದ ಕೇಂದ್ರದ ಸಂಪರ್ಕವಿಲ್ಲದೆ ಅದನ್ನು ನೋಡಲಾಗುವುದಿಲ್ಲ.

ಗಿಟ್‌ನ ಕ್ರಮ ಇದಕ್ಕಿಂತ ಭಿನ್ನವಾದುದು. ‘ಕ್ಲೋನ್’ ಆಜ್ಞೆ ಒಂದು ಅವಸ್ಥೆಯನ್ನಷ್ಟೇ ಅಲ್ಲದೆ ಭಂಡಾರದ ಇಡೀ ಚರಿತ್ರೆಯನ್ನು ಬಳಕೆದಾರರ ಯಂತ್ರಕ್ಕೆ ತರುತ್ತದೆ. ಹೀಗಾಗಿ ಪ್ರತಿಯೊಂದು ಪ್ರತಿಯೂ ಒಂದು ಸ್ವತಂತ್ರ ಭಂಡಾರವೇ ಆಗುತ್ತದೆ. ಒಂದು ಕಡೆಯ ಭಂಡಾರ ನಾಶವಾದರೂ ಇನ್ನೊಂದು ಕಡೆಯಿಂದ ಅದನ್ನು ಮರಳಿ ಕಟ್ಟಬಹುದು. ತಿದ್ದಿದ ಕಡತಗಳಲ್ಲಿ ಯಾವುವನ್ನು ದಾಖಲಿಸಬೇಕೆಂಬುದನ್ನು ‘ಆಡ್’ ಆಜ್ಞೆಯಿಂದ ಆರಿಸಿಕೊಂಡು, ‘ಕಮಿಟ್’ ಆಜ್ಞೆಯಿಂದ ತಮ್ಮ ಯಂತ್ರದಲ್ಲಿಯೇ ದಾಖಲಿಸಲಾಗುತ್ತದೆ. ಅನಂತರ ‘ಪುಶ್’ ಮೂಲಕ ಇತರರ ಭಂಡಾರಕ್ಕೆ ಕಳುಹಿಸುವುದು, ‘ಪುಲ್’ ಮೂಲಕ ಅವರಿಂದ ತರಿಸಿಕೊಳ್ಳುವುದು ನಡೆಯುತ್ತದೆ.

ಪ್ರತಿಯೊಂದು ಕಮಿಟ್‌ನೊಡನೆಯೂ ಒಂದು ವಿವರಣಟಿಪ್ಪಣಿ, ದಿನಾಂಕ ಹಾಗೂ ಹೆಸರು ಸೇರುತ್ತವೆ. ಗಿಟ್ ಎರಡು ಹೆಸರುಗಳನ್ನು ಪ್ರತ್ಯೇಕವಾಗಿ ದಾಖಲಿಸುತ್ತದೆ: ತಿದ್ದುಪಡಿಯನ್ನು ಬರೆದವರದು ಒಂದು, ಅದನ್ನು ಭಂಡಾರಕ್ಕೆ ಸೇರಿಸಿದವರದು ಇನ್ನೊಂದು. ಹಸ್ತಪ್ರತಿಯ ಕೊನೆಯಲ್ಲಿ ಲಿಪಿಕಾರ ತನ್ನ ಹೆಸರನ್ನೂ ಪ್ರತಿ ಮಾಡಿದ ಕಾಲವನ್ನೂ ಬರೆದಿಡುವ ಪುಷ್ಪಿಕೆಯ ಕಾರ್ಯವನ್ನು ಇದು ಪ್ರತಿಯೊಂದು ತಿದ್ದುಪಡಿಗೂ ವಿಸ್ತರಿಸುತ್ತದೆ ಎನ್ನಬಹುದು. ಕವಿ ಮತ್ತು ಲಿಪಿಕಾರರ ನಡುವಿನ ಭೇದವೂ ಇಲ್ಲಿ ಉಳಿಯುತ್ತದೆ.

ಹೀಗೆ ದಾಖಲಾದ ಚರಿತ್ರೆಯನ್ನು ಓದಲು ಮೂರು ಆಜ್ಞೆಗಳು ಮುಖ್ಯವಾದುವು. ‘ಲಾಗ್’ ತಿದ್ದುಪಡಿಗಳ ಅನುಕ್ರಮವನ್ನು ತೋರಿಸುತ್ತದೆ. ‘ಡಿಫ್’ ಯಾವುದೇ ಎರಡು ಅವಸ್ಥೆಗಳ ನಡುವಿನ ಪಾಠಭೇದಗಳನ್ನು ಸಾಲುಸಾಲಾಗಿ ಕೊಡುತ್ತದೆ. ‘ಬ್ಲೇಮ್’ ಈಗಿನ ಪಠ್ಯದ ಪ್ರತಿಯೊಂದು ಸಾಲೂ ಯಾವ ಕಮಿಟ್‌ನಲ್ಲಿ, ಯಾರಿಂದ ಈ ರೂಪ ಪಡೆಯಿತೆಂಬುದನ್ನು ಹೇಳುತ್ತದೆ.

೪. ಶಾಖೆ ಮತ್ತು ಸಂಯೋಜನೆ

ಒಂದೇ ಪಠ್ಯ ಎರಡು ದಿಕ್ಕುಗಳಲ್ಲಿ ಬೆಳೆಯಬೇಕಾದಾಗ ‘ಬ್ರಾಂಚ್’ ಅಥವಾ ಶಾಖೆಯನ್ನು ತೆರೆಯಲಾಗುತ್ತದೆ. ಕನ್ನಡ ಸಾಹಿತ್ಯದಲ್ಲಿ ಇದಕ್ಕೆ ಸಮೀಪವಾದ ನಿದರ್ಶನವೆಂದರೆ ಶೂನ್ಯಸಂಪಾದನೆ. ಶಿವಗಣಪ್ರಸಾದಿ ಮಹಾದೇವಯ್ಯನ ಕೃತಿಯ ತರುವಾಯ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರಿಂದ ಪರಿಷ್ಕೃತ ಸಂಪಾದನೆಗಳು ಬಂದುವು. ಇವು ಲಿಪಿಕಾರರ ಸ್ಖಾಲಿತ್ಯದಿಂದ ಹುಟ್ಟಿದ ಪಾಠಾಂತರಗಳಲ್ಲ. ಉದ್ದೇಶಪೂರ್ವಕವಾಗಿ ರೂಪುಗೊಂಡ ಅವಸ್ಥೆಗಳು. ಇಂಥ ಅವಸ್ಥೆಗಳಲ್ಲಿ ಒಂದನ್ನು ಶುದ್ಧವೆಂದು ಇಟ್ಟುಕೊಂಡು ಉಳಿದುವನ್ನು ಅಡಿಟಿಪ್ಪಣಿಗೆ ಇಳಿಸುವುದು ಯುಕ್ತವಲ್ಲ. ಪ್ರತಿಯೊಂದನ್ನೂ ತನ್ನಷ್ಟಕ್ಕೆ ಪೂರ್ಣವಾದ ಪಠ್ಯವೆಂದು ಇಟ್ಟುಕೊಂಡು ಅವುಗಳ ಸಂಬಂಧವನ್ನು ದಾಖಲಿಸುವುದು ಶಾಖೆಯ ಪರಿಕಲ್ಪನೆಯಿಂದ ಸಾಧ್ಯವಾಗುತ್ತದೆ.

ಬೇರೆಬೇರೆಯಾದ ಎರಡು ಶಾಖೆಗಳನ್ನು ಒಂದುಗೂಡಿಸುವ ಕ್ರಿಯೆಗೆ ‘ಮರ್ಜ್’ ಎಂದು ಹೆಸರು. ಇಲ್ಲಿ ಯಂತ್ರ ಎರಡು ಪ್ರತಿಗಳನ್ನು ಮಾತ್ರ ಹೋಲಿಸುವುದಿಲ್ಲ. ಎರಡಕ್ಕೂ ಸಮಾನವಾದ ಪೂರ್ವಜಪ್ರತಿಯನ್ನೂ ಕಣ್ಣಮುಂದಿಟ್ಟುಕೊಳ್ಳುತ್ತದೆ. ಪೂರ್ವಜದಲ್ಲಿದ್ದ ಸಾಲು ಒಂದು ಶಾಖೆಯಲ್ಲಿ ಹಾಗೆಯೇ ಉಳಿದು ಇನ್ನೊಂದರಲ್ಲಿ ಬದಲಾಗಿದ್ದರೆ, ಬದಲಾದ ಪಾಠ ಸ್ವೀಕೃತವಾಗುತ್ತದೆ. ಎರಡು ಶಾಖೆಗಳೂ ಒಂದೇ ಸಾಲನ್ನು ಬೇರೆಬೇರೆಯಾಗಿ ಬದಲಿಸಿದ್ದರೆ ಯಂತ್ರ ತೀರ್ಮಾನಕ್ಕೆ ಹೋಗುವುದಿಲ್ಲ. ಎರಡೂ ಪಾಠಗಳನ್ನು ಗುರುತುಚಿಹ್ನೆಗಳ ನಡುವೆ ಇಟ್ಟು, ನಿರ್ಣಯವನ್ನು ಮನುಷ್ಯರಿಗೆ ಬಿಡುತ್ತದೆ. ಇದನ್ನು ‘ಕಾನ್‌ಫ್ಲಿಕ್ಟ್’ ಎನ್ನುತ್ತಾರೆ. ಪಾಠನಿರ್ಣಯ ವಿವೇಚನೆಯ ಕೆಲಸವೇ ಹೊರತು ಎಣಿಕೆಯ ಕೆಲಸವಲ್ಲ ಎಂಬ ಸಂಪಾದನಶಾಸ್ತ್ರದ ತತ್ತ್ವ ಇಲ್ಲಿಯೂ ನಿಲ್ಲುತ್ತದೆ.

ಗ್ರಂಥಸಂಪಾದನೆಗೂ ಇದಕ್ಕೂ ಇರುವ ಮೂಲಭೂತ ಭೇದವನ್ನು ಇಲ್ಲಿಯೇ ಗುರುತಿಸಬೇಕು. ಸಂಪಾದಕರ ಕೈಗೆ ಸಿಗುವುದು ಸಾಮಾನ್ಯವಾಗಿ ವಂಶವೃಕ್ಷದ ಕೆಳಗಿನ ಕೊಂಬೆಗಳು ಮಾತ್ರ. ಕಳೆದುಹೋದ ಮಾತೃಕೆಯನ್ನು ಅವರು ಊಹಿಸಬೇಕು. ಆವೃತ್ತಿ ನಿಯಂತ್ರಣದಲ್ಲಿ ವಂಶವೃಕ್ಷ ಪಠ್ಯದೊಡನೆಯೇ ಬೆಳೆಯುತ್ತದೆ. ಅಲ್ಲಿ ಪೂರ್ವಜವನ್ನು ಊಹಿಸಬೇಕಾಗಿಲ್ಲ.

೫. ಒಂದು ಚಿಹ್ನೆಯ ಪಾಠಾಂತರ

ಈ ದಾಖಲೆಯ ಮಹತ್ತ್ವವನ್ನು ಲಿನಕ್ಸ್ ಚರಿತ್ರೆಯ ಒಂದು ಪ್ರಸಂಗ ಸ್ಪಷ್ಟಪಡಿಸುತ್ತದೆ. ೨೦೦೩ರಲ್ಲಿ ಲಿನಕ್ಸ್ ತಿರುಳಿನ ಮುಖ್ಯ ಭಂಡಾರ ಬಿಟ್‌ಕೀಪರ್‌ನಲ್ಲಿತ್ತು. ಆ ತಂತ್ರಾಂಶವನ್ನು ಬಳಸದವರಿಗಾಗಿ ಅದರಿಂದ ಒಂದು ಸಿವಿಎಸ್ ಪ್ರತಿಯನ್ನು ತೆಗೆದು ಒದಗಿಸಲಾಗುತ್ತಿತ್ತು. ಆ ವರ್ಷದ ನವೆಂಬರ್‌ನಲ್ಲಿ ಈ ಪ್ರತಿಯ ಒಂದು ಕಡತದಲ್ಲಿ ಎರಡು ಹೊಸ ಸಾಲುಗಳು ಸೇರಿಕೊಂಡಿರುವುದು ಕಂಡುಬಂತು. ನೋಡುವುದಕ್ಕೆ ಅವು, ಕಾರ್ಯಕ್ರಮ ನಡೆಸುತ್ತಿರುವ ಬಳಕೆದಾರರ ಸಂಖ್ಯೆ ಸೊನ್ನೆಯೇ ಎಂದು ಪರೀಕ್ಷಿಸುವ ನಿರಪಾಯಕಾರಿ ಸಾಲುಗಳು. ಸೊನ್ನೆ ಎಂಬುದು ವ್ಯವಸ್ಥೆಯ ಮೇಲೆ ಸರ್ವಾಧಿಕಾರವಿರುವ ಬಳಕೆದಾರರ ಸಂಖ್ಯೆ.

ಆ ಸಾಲುಗಳನ್ನು ಬರೆದಿದ್ದ ಸಿ ಭಾಷೆಯಲ್ಲಿ ‘ಸಮವಾಗಿದೆಯೇ’ ಎಂದು ಕೇಳಲು ಸಮಚಿಹ್ನೆಯನ್ನು ಎರಡು ಬಾರಿ ಬರೆಯಬೇಕು. ಒಮ್ಮೆ ಮಾತ್ರ ಬರೆದರೆ ‘ಸಮವಾಗಿಸು’ ಎಂಬ ಅರ್ಥ ಬರುತ್ತದೆ. ಹೊಸ ಸಾಲಿನಲ್ಲಿ ಒಂದೇ ಸಮಚಿಹ್ನೆಯಿತ್ತು. ಪರಿಣಾಮವಾಗಿ, ನಿರ್ದಿಷ್ಟ ರೀತಿಯಲ್ಲಿ ಕರೆ ಕೊಟ್ಟ ಯಾವುದೇ ಕಾರ್ಯಕ್ರಮಕ್ಕೆ ಸರ್ವಾಧಿಕಾರ ದೊರೆಯುತ್ತಿತ್ತು. ಪ್ರಶ್ನೆಯೊಂದು ಆಜ್ಞೆಯಾಗಿ ಮಾರ್ಪಟ್ಟಿತ್ತು. ಓದಿ ಇದನ್ನು ಕಂಡುಹಿಡಿಯುವುದು ಅತ್ಯಂತ ಕಷ್ಟ. ಕಂಡುಬಂದದ್ದು ಬೇರೊಂದು ದಾರಿಯಿಂದ: ಸಿವಿಎಸ್ ಪ್ರತಿಯಲ್ಲಿದ್ದ ಈ ತಿದ್ದುಪಡಿಗೆ ಮುಖ್ಯ ಭಂಡಾರದಲ್ಲಿ ಮೂಲವೇ ಇರಲಿಲ್ಲ. ಮಾತೃಕೆಯಲ್ಲಿಲ್ಲದ ಪಾಠ ಅದರಿಂದಲೇ ತೆಗೆದ ಪ್ರತಿಯಲ್ಲಿದ್ದರೆ ಅದು ಪ್ರಕ್ಷೇಪವೆಂಬ ತೀರ್ಮಾನಕ್ಕೆ ಬರಲು ಸಂಪಾದನಶಾಸ್ತ್ರದ ವಿದ್ಯಾರ್ಥಿಗೆ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ.

ಗಿಟ್ ಇಂಥ ಪರೀಕ್ಷೆಯನ್ನು ತನ್ನ ರಚನೆಯಲ್ಲಿಯೇ ಅಳವಡಿಸಿಕೊಂಡಿದೆ. ಪ್ರತಿಯೊಂದು ಕಮಿಟ್‌ಗೂ ಅದರ ಒಳಗಿನ ಪಠ್ಯದಿಂದಲೇ ಗಣಿಸಿದ ಒಂದು ಗುರುತುಸಂಖ್ಯೆ ಇರುತ್ತದೆ. ರೂಢಿಯ ಪದ್ಧತಿಯಲ್ಲಿ ಇದು ೪೦ ಅಂಕಾಕ್ಷರಗಳದು. ಹಿಂದಿನ ಕಮಿಟ್‌ನ ಗುರುತೂ ಈ ಗಣನೆಯಲ್ಲಿ ಸೇರಿರುತ್ತದೆ. ಆದುದರಿಂದ ಹಳೆಯ ಅವಸ್ಥೆಯೊಂದರಲ್ಲಿ ಒಂದು ಅಕ್ಷರವನ್ನು ಬದಲಿಸಿದರೂ ಅದರ ಮುಂದಿನ ಎಲ್ಲ ಗುರುತುಗಳೂ ಬದಲಾಗುತ್ತವೆ. ಈ ಗಣನೆಗೆ ಬಳಸಿದ ‘ಎಸ್‌ಎಚ್‌ಎ-೧’ ಸೂತ್ರದಲ್ಲಿ ಎರಡು ಭಿನ್ನ ಕಡತಗಳಿಗೆ ಒಂದೇ ಗುರುತು ಬರುವಂತೆ ಮಾಡಬಹುದೆಂದು ೨೦೧೭ರಲ್ಲಿ ತೋರಿಸಲಾಯಿತು; ಹೆಚ್ಚು ಬಲವಾದ ಸೂತ್ರವನ್ನು ಬಳಸುವ ಅವಕಾಶವನ್ನು ಗಿಟ್ ೨೦೨೦ರಲ್ಲಿ ಒದಗಿಸಿತು.

೬. ಕನ್ನಡ ಪಠ್ಯಕ್ಕೆ ಅನ್ವಯ

ಕನ್ನಡ ಈ ವ್ಯವಸ್ಥೆಗೆ ಹೊಸದೇನಲ್ಲ. ‘ಗ್ನೋಮ್’ ಎಂಬ ಮುಕ್ತ ತಂತ್ರಾಂಶದ ಕನ್ನಡ ಅನುವಾದಗಳು ಆವೃತ್ತಿ ನಿಯಂತ್ರಣದ ಭಂಡಾರದಲ್ಲಿಯೇ ಇವೆ. ಆ ಬಳಗ ೨೦೦೯ರಲ್ಲಿ ಸಬ್‌ವರ್ಷನ್‌ನಿಂದ ಗಿಟ್‌ಗೆ ಬದಲಾಯಿಸಿಕೊಂಡಿತು. ಇಂಗ್ಲಿಷ್ ವಾಕ್ಯವೂ ಅದರ ಕನ್ನಡ ರೂಪವೂ ಜೊತೆಜೊತೆಯಾಗಿರುವ ಈ ಕಡತಗಳ ಚರಿತ್ರೆಯನ್ನು ಬಿಡಿಸಿ ನೋಡಿದರೆ ಪಾರಿಭಾಷಿಕ ಪದಗಳು ಹೇಗೆ ಬದಲಾಗುತ್ತ ಬಂದುವೆಂಬುದನ್ನು ದಿನಾಂಕಸಹಿತವಾಗಿ ಗುರುತಿಸಬಹುದು. ಪದರಚನೆಯ ಅಧ್ಯಯನಕ್ಕೆ ಇದು ಉಪಯುಕ್ತ ಆಕರ.

ಹಳಗನ್ನಡ ಕೃತಿಯನ್ನು ಈ ಕ್ರಮದಲ್ಲಿ ಸಂಪಾದಿಸಬಯಸುವವರು ಕೆಲವು ವಿಷಯಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಪಠ್ಯ ಯೂನಿಕೋಡ್‌ನಲ್ಲಿರಬೇಕು. ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್‌ಪೂರ್ವ ಫಾಂಟುಗಳಲ್ಲಿ ಬೆರಳಚ್ಚಾದ ಕಡತಗಳಲ್ಲಿ ಇರುವುದು ಅಕ್ಷರಗಳಲ್ಲ, ಅಕ್ಷರದ ಚಿತ್ರಭಾಗಗಳ ಸಂಖ್ಯೆಗಳು. ಅವುಗಳ ಡಿಫ್ ಯಾರೂ ಓದಲಾಗದ ಚಿಹ್ನೆಗಳ ರಾಶಿಯಾಗಿರುತ್ತದೆ. ವರ್ಡ್ ಕಡತಗಳನ್ನೂ ಗಿಟ್ ಸಾಲುಸಾಲಾಗಿ ಹೋಲಿಸಲಾರದು. ಸಾದಾ ಪಠ್ಯಕಡತಗಳೇ ಇದಕ್ಕೆ ತಕ್ಕುವು.

ಎರಡನೆಯದಾಗಿ, ಹೋಲಿಕೆ ಸಾಲನ್ನು ಘಟಕವಾಗಿ ಇಟ್ಟುಕೊಂಡು ನಡೆಯುತ್ತದೆ. ಪದ್ಯದ ಒಂದೊಂದು ಪಾದವನ್ನು ಒಂದೊಂದು ಸಾಲಾಗಿ ಬರೆದರೆ ಪಾಠಭೇದ ಇರುವ ಪಾದ ಮಾತ್ರ ಎದ್ದುಕಾಣುತ್ತದೆ. ಗದ್ಯದ ಒಂದು ಪರಿಚ್ಛೇದವನ್ನು ಒಂದೇ ಸಾಲಾಗಿ ಬೆರಳಚ್ಚಿಸಿದರೆ ಒಂದು ಅಕ್ಷರ ಬದಲಾದರೂ ಇಡೀ ಪರಿಚ್ಛೇದ ಬದಲಾದಂತೆ ತೋರುತ್ತದೆ. ವಾಕ್ಯಕ್ಕೊಂದು ಸಾಲು ಎಂಬ ನಿಯಮ ಇಲ್ಲಿ ಅನುಕೂಲ.

ಮೂರನೆಯದು ಹೆಚ್ಚು ಸೂಕ್ಷ್ಮವಾದುದು. ‘ಕೊ’ ಎಂಬ ಅಕ್ಷರದ ಒಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು. ಎಕಾರ ಮತ್ತು ಊಕಾರದ ಚಿಹ್ನೆಗಳೆರಡನ್ನು ಜೋಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಯೂನಿಕೋಡ್ ಇವೆರಡನ್ನೂ ಸಮಾನವೆಂದು ಪರಿಗಣಿಸುತ್ತದೆ. ಡಿಫ್ ಹಾಗೆ ಪರಿಗಣಿಸುವುದಿಲ್ಲ. ಅರ್ಕಾವತ್ತನ್ನು ತಡೆಯಲು ಬಳಸುವ ಅಗೋಚರ ಜೋಡಕದ ವಿಷಯದಲ್ಲಿಯೂ ಇಂಥ ಗೊಂದಲವಿದೆ. ಪಠ್ಯವನ್ನು ಮೊದಲು ಏಕರೂಪಕ್ಕೆ ತರದಿದ್ದರೆ ಇಲ್ಲದ ಪಾಠಾಂತರಗಳು ಹುಟ್ಟಿಕೊಳ್ಳುತ್ತವೆ. ಹಾಗೆ ಏಕರೂಪಕ್ಕೆ ತಂದ ಕೆಲಸವನ್ನು ಪಾಠಪರಿಷ್ಕರಣದೊಡನೆ ಬೆರಸದೆ ಪ್ರತ್ಯೇಕ ಕಮಿಟ್ ಆಗಿ ದಾಖಲಿಸುವುದು ಲೇಸು. ಪ್ರತಿಯಲ್ಲಿರುವ ಳಕಾರವನ್ನು ಸಂಪಾದಕರು ೞಕಾರವಾಗಿಯೋ ರಕಾರವನ್ನು ಱಕಾರವಾಗಿಯೋ ತಿದ್ದಿದರೆ ಅದು ಯಾಂತ್ರಿಕ ಬದಲಾವಣೆಯಲ್ಲ, ವಿದ್ವತ್ತಿನ ನಿರ್ಣಯ. ಅದಕ್ಕೆ ತನ್ನದೇ ಆದ ಟಿಪ್ಪಣಿಯೂ ಆಧಾರವೂ ಇರಬೇಕು.

ಈ ೞಕಾರಕ್ಕೆ ಯೂನಿಕೋಡ್‌ನಲ್ಲಿಯೇ ಒಂದು ಚರಿತ್ರೆಯಿದೆ. ಅದಕ್ಕೆ ಅಲ್ಲಿ ತಪ್ಪಾಗಿ ‘ಫ’ ಎಂಬರ್ಥದ ಹೆಸರು ದಾಖಲಾಯಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡ್‌ನ ನಿಯಮ. ಆದುದರಿಂದ ತಪ್ಪನ್ನು ಅಳಿಸದೆ, ಸರಿಯಾದ ಹೆಸರನ್ನು ಅದರ ಪಕ್ಕದಲ್ಲಿ ಪರ್ಯಾಯನಾಮವಾಗಿ ಸೇರಿಸಲಾಗಿದೆ. ತಪ್ಪನ್ನು ಅಳಿಸುವ ಬದಲು ತಿದ್ದುಪಡಿಯನ್ನು ಕೂಡಿಸಬೇಕೆಂಬುದೇ ಆವೃತ್ತಿ ನಿಯಂತ್ರಣದ ತತ್ತ್ವವೂ ಹೌದು.

೭. ಮಿತಿಗಳು

ಈ ವ್ಯವಸ್ಥೆಯಿಂದ ಎಲ್ಲವೂ ಸಾಧ್ಯವೆಂದು ಭಾವಿಸಬೇಕಾಗಿಲ್ಲ. ಗಿಟ್‌ನಲ್ಲಿ ದಾಖಲಾಗುವ ಹೆಸರು ಬಳಕೆದಾರರೇ ಕೊಟ್ಟುಕೊಂಡ ಹೆಸರು. ಅಂಕಿತವಿದ್ದ ಮಾತ್ರಕ್ಕೆ ಕರ್ತೃತ್ವ ಸಿದ್ಧವಾಗದು ಎಂಬುದು ವಚನಗಳ ಅಭ್ಯಾಸಿಗಳಿಗೆ ತಿಳಿದದ್ದೇ. ತಮ್ಮ ಭಂಡಾರದ ಚರಿತ್ರೆಯನ್ನು ಮತ್ತೆ ಬರೆಯಲು ಬೇಕಾದ ಆಜ್ಞೆಗಳೂ ಗಿಟ್‌ನಲ್ಲಿವೆ. ಬೇರೆಯವರ ಬಳಿ ಹಿಂದಿನ ಪ್ರತಿ ಇದ್ದಾಗ ಮಾತ್ರ ಆ ಬದಲಾವಣೆ ಬಯಲಾಗುತ್ತದೆ. ‘ತಿದ್ದಲಾಗಿದೆ’ ಎಂದಷ್ಟೇ ಬರೆದ ಟಿಪ್ಪಣಿ ಇದ್ದೂ ಇಲ್ಲದಂತೆ.

ಆರಂಭಕ್ಕಿಂತ ಹಿಂದಿನದು ದಾಖಲೆಗೆ ಸಿಕ್ಕುವುದಿಲ್ಲ ಎಂಬುದು ಇನ್ನೊಂದು ಮಿತಿ. ಲಿನಕ್ಸ್ ತಿರುಳಿನ ಗಿಟ್ ಭಂಡಾರ ೨೦೦೫ರ ಏಪ್ರಿಲ್‌ನಿಂದ ಮೊದಲಾಗುತ್ತದೆ. ಅದಕ್ಕಿಂತ ಹಿಂದಿನ ಚರಿತ್ರೆಯನ್ನು ಟೊರ್ವಾಲ್ಡ್ಸ್ ಅದಕ್ಕೆ ಸೇರಿಸಲಿಲ್ಲ. ಆ ಕಾಲಕ್ಕೆ ಮೊದಲೇ ಬರೆದು ಇಂದಿಗೂ ಬದಲಾಗದ ಸಾಲುಗಳಿಗೆಲ್ಲ ‘ಬ್ಲೇಮ್’ ಆ ಮೊದಲ ಕಮಿಟನ್ನೇ ತೋರಿಸುತ್ತದೆ. ಅದಕ್ಕೂ ಹಿಂದಕ್ಕೆ ಹೋಗಬೇಕಾದರೆ ಬೇರೆಡೆ ಉಳಿಸಿಟ್ಟ ಹಳೆಯ ಚರಿತ್ರೆಯನ್ನು ಪ್ರತ್ಯೇಕವಾಗಿ ತಂದು ಜೋಡಿಸಬೇಕಾಗುತ್ತದೆ.

ಕನ್ನಡದ ಗಣಕೀಕೃತ ಪಠ್ಯಗಳ ಸ್ಥಿತಿಗೆ ಇದು ನೇರವಾಗಿ ಅನ್ವಯಿಸುವ ಮಾತು. ಬೆರಳಚ್ಚಿನವರು, ಕರಡು ತಿದ್ದಿದ ಸಂಶೋಧನ ವಿದ್ಯಾರ್ಥಿಗಳು, ಪಾಠ ನಿರ್ಣಯಿಸಿದ ಸಂಪಾದಕರು ಇವರೆಲ್ಲರ ಕೆಲಸವೂ ಅಂತಿಮ ಕಡತದಲ್ಲಿ ಬೆರೆತು ಗುರುತು ಸಿಗದಂತಾಗುತ್ತದೆ. ಮುದ್ರಣದೋಷ ಯಾವುದು, ಪ್ರತಿಯ ಪಾಠ ಯಾವುದು, ಸಂಪಾದಕರ ಊಹೆ ಯಾವುದು ಎಂಬುದನ್ನು ಮುಂದಿನ ಓದುಗರು ಬೇರ್ಪಡಿಸಲಾರರು. ಡಿ.ಎಲ್. ನರಸಿಂಹಾಚಾರ್ ಅವರಂಥ ವಿದ್ವಾಂಸರು ಕನ್ನಡದಲ್ಲಿ ನೆಲೆಗೊಳಿಸಿದ ಸಂಪಾದನಶಿಸ್ತು ಓಲೆ ಮತ್ತು ಕಾಗದದ ಪ್ರತಿಗಳ ಸಾಕ್ಷ್ಯವನ್ನು ಆಧರಿಸಿದುದು. ಕಡತಗಳ ಕಾಲದಲ್ಲಿ ಆ ಸಾಕ್ಷ್ಯ ತಾನಾಗಿ ಉಳಿಯುವುದಿಲ್ಲ, ಉದ್ದೇಶಪಟ್ಟು ಉಳಿಸಬೇಕಾಗುತ್ತದೆ. ಅದಕ್ಕೆ ಬೇಕಾದ ಸಾಧನ ಯಾವ ಖರ್ಚೂ ಇಲ್ಲದೆ ದೊರೆಯುತ್ತದೆ. ಗಣಕೀಕರಣದ ಯೋಜನೆಗಳು ಮೊದಲ ಕಡತವನ್ನು ಬೆರಳಚ್ಚಿಸಿದ ದಿನದಿಂದಲೇ ಇದನ್ನು ಆರಂಭಿಸುವುದು ಅಗತ್ಯ. ತಡವಾದಷ್ಟೂ ಆದಿಪ್ರತಿಯ ಹಿಂದಿನ ಕತ್ತಲೆ ಹೆಚ್ಚುತ್ತದೆ.